ಗುರುತಿನವರ ಗಾಡಿ

ಮಾಸ್ತಿಕಟ್ಟೆ ಕಡೆಯವರಿಗೆ ಬಸ್ಸಿನ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನದು ತಪ್ಪಿತೋ, ಮುಂದಿನದು ಯಾವಾಗ ಬರುತ್ತದೆ ಎಂದು ಕಂಡಕ್ಟರನಿಗೂ ಗೊತ್ತಿರುವುದಿಲ್ಲ. ಹಾಗಾಗಿ ಇಲ್ಲಿಯ ಮನೆಗಳಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಓದುವ ಹೆಣ್ಣುಮಗಳನ್ನು ಯಾರಾದರೂ ಗುರುತಿನವರ ಗಾಡಿಗೆ ಹತ್ತಿಸಿ "ಸ್ವಲ್ಪ ನೋಡ್ಕಳಿ" ಎಂದುಬಿಟ್ಟರೆ ಅಪ್ಪ ಅಮ್ಮನ ತಲೆಭಾರ ಇಳಿಯಿತು.

ಯಶೋಧಾ ಕೂಡ ಹಾಗೇ ಮಾಡುತ್ತಿದ್ದಳು. ಮಗಳು ಸಿಂಚನಾ ಎಂ.ಎಸ್ಸಿ. ಓದುತ್ತ ಶಿವಮೊಗ್ಗದ ಕಡೆ ಹಾಸ್ಟೆಲಿನಲ್ಲಿದ್ದಳು. ಶನಿವಾರ ಊರಿಗೆ ಬಂದರೆ ಸೋಮವಾರ ಬೆಳಿಗ್ಗೆ ನಿರಂಜನನ ಓಮ್ನಿಯಲ್ಲಿ ವಾಪಸ್ಸು. ನಿರಂಜನ ಯಾರೋ ಅಲ್ಲ, ಯಶೋಧಾಳ ಗಂಡ ಶಿವರಾಮನ ಸೋದರತ್ತೆಯ ಮಗ. ಅಂಗಡಿಗೆ ಸಾಮಾನು ತರಲು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗುವವನು.

"ನಮ್ಮವ್ನೇ ಇರ್ಬೇಕಾದ್ರೆ ಬಸ್ಸಿಗೆ ಎಂತಕ್ಕೆ ಜೋತುಬೀಳ್ಬೇಕು?" ಎನ್ನುತ್ತಿದ್ದ ಶಿವರಾಮ.

ಈ ವರ್ಷ ವಿಶ್ವವಿದ್ಯಾಲಯದವರು ವಿದ್ಯಾರ್ಥಿನಿಯರಿಗೆ ಒಂದು ಆನ್‌ಲೈನ್ ತರಬೇತಿ ಶುರು ಮಾಡಿದರು. ಲೈಂಗಿಕ ದೌರ್ಜನ್ಯದ ಸೂಚನೆಯನ್ನು ಮೊದಲೇ ಗುರುತಿಸುವುದು ಹೇಗೆ, ಎದುರಿಸುವುದು ಹೇಗೆ, ಯಾರಿಗೆ ಹೇಳುವುದು ಎಂಬ ಪಾಠ. ನಾಲ್ಕು ಭಾನುವಾರ, ಒಂದೊಂದು ಗಂಟೆ, ಮೊಬೈಲಿನಲ್ಲೇ. ಮನೆಯೊಳಗೆ ನೆಟ್‌ವರ್ಕ್ ಎಲ್ಲಿ ಸಿಗಬೇಕು? ಸಿಂಚನಾ ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು.

ಎರಡನೇ ಭಾನುವಾರ ಆ ಪಾಠದ ನಾಲ್ಕು ಮಾತು ಶಿವರಾಮನ ಕಿವಿಗೆ ಬಿದ್ದವು. ಮಗಳು ಮನೆಗೆ ಬರುವುದನ್ನೇ ಕಾದು ಕೂಗಾಡಿದ.

"ಥೂ, ರಸ್ತೇಲಿ ಕೂತ್ಕಂಡು ಕೇಳೋ ಪಾಠನಾ ಅದು? ಹೋಗೋರು ಬರೋರು ಎಂತ ತಿಳ್ಕಂತಾರೆ? ಹೇಳೋದಾದ್ರೆ ಆ ಕೆಟ್ಟ ಗಂಡಸ್ರಿಗೆ ಹೇಳ್ಲಿ!"

"ಅವ್ರಿಗೂ ಹೇಳ್ಬೇಕು ಅಪ್ಪ. ಅವ್ರು ಕಲಿಯೋವರೆಗೂ ನಾವು ಕೈಕಟ್ಕಂಡು ಕೂರ್ಬೇಕಾ?"

"ನಿಂಗೆ ಅಂಥದ್ದು ಎಂತ ಆಗ್ತದೆ? ನಾವೆಲ್ಲ ಇಲ್ವಾ?"

ಸಿಂಚನಾ ಅಪ್ಪನ ಮುಖ ನೋಡದೆ ತಟ್ಟನೆ ಒಳಗೆ ಹೋಗಿಬಿಟ್ಟಳು. ಯಶೋಧಾಳಿಗೆ ಅದೇಕೋ ಸರಿಕಾಣಲಿಲ್ಲ.

ಮೂರನೇ ಭಾನುವಾರ ಅವಳೂ ಹೋಗಿ ಮಗಳ ಪಕ್ಕ ಕೂತಳು. ಪಾಠ ಮಾಡುವ ಸ್ವಾತಿ ಮೇಡಂ ಉಳಿದ ಹುಡುಗಿಯರ ಒಪ್ಪಿಗೆ ಕೇಳಿ, "ಇರ್ಲಿ, ತಾಯಂದಿರೂ ಕೇಳಬೇಕಾದ್ದೇ" ಎಂದರು. ಆಮೇಲೆ ಅವಳನ್ನೇ ಕೇಳಿದರು:

"ಅಪಾಯ ಅಂದ್ರೆ ನಿಮ್ಮ ಕಣ್ಮುಂದೆ ಯಾರು ಬರ್ತಾರೆ, ಯಶೋಧಾ ಅವರೇ?"

"ಯಾರೋ ಗುರುತಿಲ್ದವ್ರು. ಕುಡ್ಕರು, ಪೋಲಿಗಳು."

"ಎಲ್ಲರೂ ಹಾಗೇ ಹೇಳ್ತಾರೆ. ಆದ್ರೆ ಹೆಚ್ಚಿನ ಸಲ ಕೈ ಹಾಕೋದು ಗುರುತಿನವರೇ. ಜೊತೆಗೆ ಓದೋರು, ಸಂಬಂಧಿಕರು, ಉಪಕಾರ ಮಾಡ್ತೀನಿ ಅಂತ ಬಂದೋರು. ಅವರ ಮುಖ ನೋಡಿ ಬೇಡ ಅನ್ನೋಕೆ ನಮಗೆ ದಾಕ್ಷಿಣ್ಯ. ನಮ್ಮ ದಾಕ್ಷಿಣ್ಯದ ಮೇಲೇ ಅವರ ಧೈರ್ಯ."

ಈಯಮ್ಮ ನಮ್ಮ ಊರಿನ ಜನರನ್ನು ನೋಡಿಲ್ಲ ಎಂದು ಯಶೋಧಾ ಒಳಗೊಳಗೇ ಸಿಡುಕಿದಳು.

"ಈಗ ಎಲ್ಲರೂ ಗಟ್ಟಿಯಾಗಿ ಹೇಳಿ. ಬೇಡ, ಕೈ ತೆಗೀರಿ!"

ಮೊಬೈಲಿನಿಂದ ಹತ್ತಾರು ಹುಡುಗಿಯರ ದನಿ ಒಟ್ಟಿಗೇ ಕೇಳಿತು. ಸಿಂಚನಾಳ ತುಟಿ ಅಲ್ಲಾಡಿತು, ದನಿ ಮಾತ್ರ ಹೊರಡಲಿಲ್ಲ. ಮೊಬೈಲಿನ ಮೈಕ್ ಆರಿಸಿಬಿಟ್ಟಳು.

"ಎಂತ ಆಯ್ತೇ?"

"ನಿರಂಜನ ಮಾವ, ಅಮ್ಮ."

ಹಿಂದಿನ ಎರಡು ಸೋಮವಾರವೂ ಕೋಡೂರು ದಾಟಿದ ಮೇಲೆ ಜನವಿಲ್ಲದ ಕಡೆ ಗಾಡಿ ನಿಲ್ಲಿಸಿದ್ದನಂತೆ. ತೊಡೆಯ ಮೇಲೆ ಕೈ ಇಟ್ಟನಂತೆ. ಇವಳು ಬಾಗಿಲ ಕಡೆ ಸರಿದರೆ, "ಮಾವ ಅಲ್ವನೇ ನಾನು" ಎಂದು ನಕ್ಕನಂತೆ.

"ಮೊದ್ಲೇ ಯಾಕೆ ಹೇಳ್ಲಿಲ್ಲ ಮಗಾ?"

"ಹೇಳಿದ್ರೆ ಅಪ್ಪ ಓದು ಬಿಡಿಸ್ತಾರೆ."

ಯಶೋಧಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಗಳನ್ನು ಆ ಗಾಡಿಗೆ ಹತ್ತಿಸಿ, ಬಾಗಿಲು ಹಾಕಿ, ಕೈಬೀಸಿದವಳು ತಾನೇ ಅಲ್ಲವೇ?

ಪಾಠ ಮುಗಿದ ಮೇಲೆ ಸಿಂಚನಾ ಸ್ವಾತಿ ಮೇಡಂಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. "ಇದ್ರಲ್ಲಿ ನಿನ್ನ ತಪ್ಪು ಸಾಸಿವೆಯಷ್ಟೂ ಇಲ್ಲ. ದೂರು ಕೊಡೋದು ಬಿಡೋದು ನಿನ್ನ ತೀರ್ಮಾನ. ಕೊಡ್ತೀಯಾದ್ರೆ ಜೊತೆಗೆ ನಾವಿರ್ತೀವಿ" ಎಂದರು ಅವರು. ಶಿವರಾಮನಿಗೆ ಯಶೋಧಾ ಹೇಳಿದಾಗ ಅವನು ನಂಬಲೇ ಇಲ್ಲ. "ಹುಡುಗಿ ತಪ್ಪು ತಿಳ್ಕಂಡಿದೆ, ಸಂಬಂಧ ಕೆಡಿಸ್ಬೇಡ" ಎಂದು ಎದ್ದು ಹೋದ.

ಸೋಮವಾರ ಬೆಳಿಗ್ಗೆ ಓಮ್ನಿ ಬಂತು. ರಸ್ತೆಯಲ್ಲಿ ಡೈರಿಗೆ ಹಾಲು ಒಯ್ಯುವವರು ನಾಲ್ಕೈದು ಮಂದಿ ಇದ್ದರು. ನಿರಂಜನ ಎಂದಿನ ಸಲಿಗೆಯಲ್ಲಿ ಸಿಂಚನಾಳ ಬ್ಯಾಗಿಗೆ ಕೈಹಾಕಿ ಎತ್ತಿಕೊಂಡ.

"ಬೇಡ. ಬ್ಯಾಗ್ ಬಿಡಿ."

"ಎಂತದೇ ಇದು, ಮಾವನ ಮೇಲೆ ಮುನಿಸಾ?"

"ಎರಡು ಸಲ ನನ್ನ ಮೈ ಮುಟ್ಟಿದ್ರಿ. ಸರಿದು ಕೂತ್ರೂ ಬಿಡ್ಲಿಲ್ಲ. ಇನ್ನು ನಿಮ್ಮ ಗಾಡಿ ಹತ್ತಲ್ಲ. ಪೊಲೀಸ್ರಿಗೂ ಹೇಳ್ತೀನಿ."

ಮೊದಲ ಮಾತಿನಲ್ಲಿ ಮಾತ್ರ ದನಿ ನಡುಗಿತ್ತು. ಉಳಿದದ್ದು ಹಾಲಿನವರಿಗೂ ಸ್ಪಷ್ಟವಾಗಿ ಕೇಳಿತು.

"ನೋಡು ಭಾವಾ, ಆ ಮೊಬೈಲ್ ಪಾಠ ಎಂತ ಕಲಿಸಿದೆ ಅಂತ!" ಎಂದು ನಿರಂಜನ ಬಾಗಿಲಲ್ಲಿ ನಿಂತಿದ್ದ ಶಿವರಾಮನತ್ತ ತಿರುಗಿದ.

"ಹೌದು, ಅದೇ ಕಲಿಸಿದ್ದು" ಎಂದಳು ಯಶೋಧಾ. "ನಾನು ಕಲಿಸ್ಬೇಕಿತ್ತು. ನಂಗೇ ಗೊತ್ತಿರ್ಲಿಲ್ಲ."

ಶಿವರಾಮನ ಮುಖ ಬಿಳಿಚಿಕೊಂಡಿತು. "ಮಾನ ಹೋಗ್ತದೆ ಕಣೇ, ಒಳಗೆ ಬನ್ನಿ ಇಬ್ರೂ. ಓದೂ ಬೇಡ, ಎಂತದೂ ಬೇಡ."

"ಮಾನ ಹೋಗ್ಬೇಕಾದ್ದು ಇವ್ನದ್ದು! ಕೈ ಹಾಕಿದವ್ನು ಪೇಟೆ ಸುತ್ತೋದು, ನನ್ನ ಮಗಳು ಓದು ಬಿಟ್ಟು ಒಲೆ ಮುಂದೆ ಕೂರೋದಾ? ಆಗಲ್ಲ. ನೀವು ಬರದಿದ್ರೆ ಬೇಡ, ನಾವಿಬ್ರೇ ಬಸ್ಸಿಗೆ ಹೋಗ್ತೀವಿ."

"ಅಯ್ಯೋ, ಇಷ್ಟು ಸಣ್ಣ ವಿಷ್ಯಕ್ಕೆ ಇಷ್ಟೆಲ್ಲ ರಂಪನಾ?" ಎಂದುಬಿಟ್ಟ ನಿರಂಜನ.

ಶಿವರಾಮ ಗಕ್ಕನೆ ಅವನತ್ತ ತಿರುಗಿದ. "ಸಣ್ಣ ವಿಷ್ಯ? ಅಂದ್ರೆ ಆಗಿದ್ದು ಹೌದಾಯ್ತಲ್ಲ ಹಾಗಾದ್ರೆ!"

ನಿರಂಜನ ಗಾಡಿಯ ಕಡೆ ಹಿಂದಕ್ಕೆ ಸರಿದ. ಶಿವರಾಮ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡ.

"ಈ ಗಾಡಿ ಇನ್ನು ನಮ್ಮನೆ ಮುಂದೆ ನಿಲ್ಲಬಾರ್ದು. ನಡಿಯೇ ಸಿಂಚನಾ, ನಾನೂ ಬರ್ತೀನಿ."

ಬಸ್ಸು ಒಂದೂವರೆ ಗಂಟೆ ತಡವಾಗಿ ಬಂತು. ಕೂರಲು ಜಾಗವಿರಲಿಲ್ಲ, ಮೂವರೂ ನಿಂತೇ ಹೋದರು. ಹೊಸನಗರದಲ್ಲಿ ಇಳಿದು ಠಾಣೆಗೆ ಹೋದರು. ಸಿಂಚನಾ ತನ್ನ ಕೈಯಾರೆ ದೂರು ಬರೆದುಕೊಟ್ಟಳು. ಅಲ್ಲಿಂದ ಮುಂದಿನ ಬಸ್ಸು ಹಿಡಿದು, ಮಧ್ಯಾಹ್ನದ ಕೊನೆಯ ಕ್ಲಾಸಿಗೆ ತನ್ನ ಬೆಂಚಿನಲ್ಲಿದ್ದಳು.

ಓದುತ್ತಿರುವ ತಂಗಿಯರೇ, ನಿಮ್ಮ ಕಾಲೇಜಿನಲ್ಲಿ ಇಂಥ ಆನ್‌ಲೈನ್ ತರಬೇತಿ ಇದ್ದರೆ ಸೇರಿಕೊಳ್ಳಿ. ಇಲ್ಲದಿದ್ದರೆ ಬೇಕು ಎಂದು ಪಟ್ಟು ಹಿಡಿದು ಕೇಳಿ. ಕಾಲೇಜಿನ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ ಎಂದು ತಿಳಿದಿಟ್ಟುಕೊಳ್ಳಿ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಯಾವ ಪಾಠವೂ ಎಲ್ಲ ಅಪಾಯವನ್ನೂ ತಡೆಯಲಾರದು, ನಿಜ. ತಡೆಯಲಾಗದೆ ಹೋದರೂ, ಆ ಕ್ಷಣ ದನಿಯೇ ಹೊರಡದೆ ಹೋದರೂ ತಪ್ಪು ನಿಮ್ಮದಲ್ಲ, ಮಾಡಿದವನದು.

ಅಪ್ಪ ಅಮ್ಮಂದಿರೇ, "ಹೇಳಿದರೆ ಓದು ಬಿಡಿಸುತ್ತಾರೆ" ಎಂಬ ಹೆದರಿಕೆ ನಿಮ್ಮ ಮಗಳ ಬಾಯನ್ನೂ ಕಟ್ಟಿರಬಹುದು. ಅವಳು ಹೇಳಲಿ ಎಂದು ಕಾಯಬೇಡಿ. ಇವತ್ತೇ ಅವಳನ್ನು ಕೂರಿಸಿಕೊಂಡು ನೀವೇ ಹೇಳಿ: "ಯಾರೇ ಆಗಿರಲಿ, ಏನೇ ಆಗಿರಲಿ, ನಾವು ನಿನ್ನ ಮಾತು ನಂಬುತ್ತೇವೆ. ನಿನ್ನ ಓದು ನಿಲ್ಲುವುದಿಲ್ಲ."