ಹುಳಿಯಿಲ್ಲದ ವಾಂತಿ

"ಅಲ್ಲೇ ನಿಂತ್ಕೋ. ತೊಗಲಿನ ನಾತ ಹೊತ್ಕೊಂಡು ಮೇಜಿನ ಹತ್ರ ಬರಬೇಡ," ಎಂದರು ಊರಾಸ್ಪತ್ರೆಯ ಡಾಕ್ಟರು, ಮೂಗಿಗೆ ಕರ್ಚೀಫು ಒತ್ತಿಕೊಂಡು.

ಅಂಜಲೈ ಮಗಳ ಕೈ ಹಿಡಿದು ನಿಂತಳು. ಅವಳ ಹಿಂದೆ ನಾನೂ ನಿಂತೆ. ತಮಿಳುನಾಡಿನ ಪಾಲಾರ್ ನದಿ ದಡದ ತೊಗಲು ಕಾರ್ಖಾನೆಯೊಂದರಲ್ಲಿ ಸುಣ್ಣದ ತೊಟ್ಟಿಗಿಳಿದು ತೊಗಲು ತುಳಿಯುವವರು ನಾವಿಬ್ಬರೂ. ಅವಳ ಮಗಳು ಪೂಂಗೊಡಿಗೆ ಎಂಟು ವರ್ಷ. ತಿಂದದ್ದು ಎದೆಯಲ್ಲೇ ನಿಂತು, ಗಂಟೆ ಕಳೆದ ಮೇಲೆ ತಿರುಗಿ ಬಾಯಿಗೆ ಬರುತ್ತಿತ್ತು. ಮಗು ಒಣಗಿ ಕಡ್ಡಿಯಾಗಿತ್ತು.

ಡಾಕ್ಟರು ಒಮ್ಮೆ ಜಂತುಹುಳದ ಮದ್ದು ಕೊಟ್ಟಿದ್ದರು, ಇನ್ನೊಮ್ಮೆ ಹೊಟ್ಟೆಯ ಹುಳಿಗೆ. ಈ ಸಲ, ನಿಮ್ಮ ಜನ ಸಿಕ್ಕಿದ್ದನ್ನೆಲ್ಲ ಗಬಗಬ ನುಂಗುತ್ತಾರೆ, ಇವಳಿಗೂ ಅದೇ ಚಾಳಿ, ಎರಡು ಬಾರಿಸು ಎಂದರು.

ಅಂಜಲೈ ಬಾಗಿಲಲ್ಲೇ ಚಕ್ಕಳಮಕ್ಕಳ ಕೂತು ಡಬ್ಬಿ ಬಿಚ್ಚಿ, ಮಗಳಿಗೆ ಅನ್ನ, ಬೇಯಿಸಿದ ಮೊಟ್ಟೆ ಉಣ್ಣಿಸಿದಳು. ನರ್ಸು ಬೈದಳು. ಇವಳು ಕದಲಲಿಲ್ಲ. ಒಂದು ಗಂಟೆಯಾದ ಮೇಲೆ ಪೂಂಗೊಡಿ ಮುಂದಕ್ಕೆ ಬಾಗಿದಳು. ಬಂದದ್ದನ್ನು ಡಬ್ಬಿಯ ಮುಚ್ಚಳದಲ್ಲಿ ಹಿಡಿದು, ಅಂಜಲೈ ನೇರ ಹೋಗಿ ಡಾಕ್ಟರ ಮೇಜಿನ ಮೇಲಿಟ್ಟಳು.

"ಮೂಸಿ ಸಾಮಿ."

"ಥೂ, ಹುಚ್ಚು ಮುಂಡೆ."

"ಬೈಯ್ರಿ, ಪರವಾಗಿಲ್ಲ. ಮೂಸಿ ಬೈಯ್ರಿ. ಹದಿನೈದು ವರ್ಸದಿಂದ ತೊಗಲು ಮೂಸ್ತಾ ಇವ್ನಿ, ಹುಳಿ ಯಾವುದು ಅಂತ ಈ ಮೂಗಿಗೆ ಗೊತ್ತು. ಇದ್ರಾಗೆ ಹುಳಿ ಇಲ್ಲ. ಅನ್ನ ಅನ್ನದಂಗೇ ಐತೆ. ಹೊಟ್ಟೆಗೆ ಇಳೀದೇ ಇರೋ ಅನ್ನಕ್ಕೆ ಹೊಟ್ಟೆ ಮದ್ದು ಕೊಟ್ರೆ ಏನು ಬಂತು?"

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಬೇಗ ಮೂಸಿಬಿಡಿ, ನಮಗೂ ಹೊತ್ತಾಗುತ್ತದೆ ಎಂದು ಮುದುಕನೊಬ್ಬ ರಾಗ ಎಳೆದ. ಪೀಡೆ ತೊಲಗಲಿ ಎಂಬಂತೆ ಡಾಕ್ಟರು ಕರ್ಚೀಫು ಇಳಿಸಿ ಬಾಗಿದರು. ಮತ್ತೊಮ್ಮೆ ಬಾಗಿದರು. ಪಟ್ಟಣದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಅಲ್ಲಿ ಪೂಂಗೊಡಿಗೆ ಲೋಟದ ತುಂಬ ಬಿಳಿ ಮದ್ದು ಕುಡಿಸಿ ಎಕ್ಸ್‌ರೇ ತೆಗೆದರು. ಇದು ನಮ್ಮ ತೊಟ್ಟಿಯ ಸುಣ್ಣದ ನೀರೇನಮ್ಮ ಎಂದು ಅವಳು ಕೇಳಿದ್ದಕ್ಕೆ ನನಗೆ ನಗು ತಡೆಯಲಾಗಲಿಲ್ಲ. ಪರದೆಯ ಮೇಲೆ ಮದ್ದು ಎದೆಯವರೆಗೆ ಇಳಿದು ನಿಂತಿತು. ಅಲ್ಲಿ ಅನ್ನ ಇಳಿಯುವ ಕೊಳವೆ ಬಲೂನಿನಂತೆ ಊದಿ, ತುದಿ ಗಿಳಿಯ ಕೊಕ್ಕಿನಂತೆ ಸಣ್ಣಗಾಗಿತ್ತು.

ಹಿರಿಯ ಡಾಕ್ಟರೊಬ್ಬರು ಹತ್ತಾರು ವಿದ್ಯಾರ್ಥಿಗಳನ್ನು ಕರೆದು ಇಂಗ್ಲಿಷಿನಲ್ಲಿ ಪಾಠ ಶುರುಮಾಡಿದರು. ಅಂಜಲೈಗೆ ಹೊರಗೆ ನಡೆ ಎಂದು ಕೈಬೀಸಿದರು.

ಅಂಜಲೈ ಅಲ್ಲಿದ್ದ ಒಂದೇ ಒಂದು ಸ್ಟೂಲನ್ನು ಪರದೆಯ ಮುಂದಕ್ಕೆಳೆದು, ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಕೊಳವೆ ನನ್ ಮಗಳ್ದು. ಮೊದ್ಲು ನಂಗೆ ಹೇಳಿ. ಆಮೇಲೆ ಇವ್ರಿಗೆ."

ವಿದ್ಯಾರ್ಥಿಗಳು ನೆಲ ನೋಡಿದರು. ಡಾಕ್ಟರು ಪರದೆಯತ್ತ ತಿರುಗಿ, ತಮಿಳಿನಲ್ಲಿ, ಮೊದಲಿನಿಂದ ಶುರುಮಾಡಿದರು: ಅನ್ನ ಇಳಿಯುವ ದಾರಿಯ ಕೊನೇ ಬಾಗಿಲು ತೆರೆಯುತ್ತಿಲ್ಲಮ್ಮ, ಅದನ್ನು ಬಿಡಿಸಬಹುದು...

"ನಿಧಾನಕ್ಕೆ," ಎಂದಳು ಅಂಜಲೈ.