ನೀಲಿ ಬೆಳಕಿನ ಮಗು

ಫೋಟೊ ಸ್ಟುಡಿಯೋದಲ್ಲಿ ಅವಳ ಕೆಲಸ ಮುಖಗಳನ್ನು ತಿದ್ದುವುದು. ಕಂಪ್ಯೂಟರಿನಲ್ಲಿ ಫೋಟೊ ದೊಡ್ಡದು ಮಾಡಿಕೊಂಡು ಮೊಡವೆ ಅಳಿಸುವಳು, ಕಣ್ಣ ಕೆಳಗಿನ ಕಪ್ಪು ತೆಗೆಯುವಳು, ಕಣ್ಣು ಮುಚ್ಚಿದವರಿಗೆ ಇನ್ನೊಂದು ಫೋಟೊದಿಂದ ಕಣ್ಣು ತಂದು ಕೂರಿಸುವಳು. ಗಂಡ ಲಿಫ್ಟ್ ರಿಪೇರಿಯವನು. ಎಂಥ ಹೊತ್ತಿನಲ್ಲೂ ಒಂದು ತಮಾಷೆ ಅವನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಹೆಣ್ಣುಮಗು ಹುಟ್ಟಿ ಮನೆಗೆ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವಳಿಗೆ ಮಾತ್ರ ನಿದ್ದೆ ಬರಲಿಲ್ಲ. ಮಗು ಮಲಗಿದಾಗಲೂ ತೊಟ್ಟಿಲ ಪಕ್ಕ ಕೂತು, ತೆರೆಯ ಮೇಲಿನ ಮುಖವನ್ನು ನೋಡುವ ಹಾಗೆ ಅದರ ಮುಖವನ್ನು ನೋಡುತ್ತಿದ್ದಳು. ಆಯಾಸವೇ ಇಲ್ಲ ಎನ್ನುತ್ತಿದ್ದಳು.

"ಬಾಣಂತಿಗೆ ಇದೆಲ್ಲ ಇದ್ದದ್ದೇ ಬಿಡು" ಎಂದರು ಅತ್ತೆ.

ಒಂದು ಬೆಳಿಗ್ಗೆ ಗಂಡ ಬೂಟು ಹಾಕಿಕೊಳ್ಳುತ್ತಿದ್ದಾಗ ಅವಳು ಬಾಗಿಲ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು.

"ರೀ, ಈ ಮಗೂನ ಎಲ್ಲಿಂದ ತಂದ್ರಿ?"

"ಯಾಕೆ, ಹಿಡಿಸ್ಲಿಲ್ವಾ? ಬರ್ತಾ ಲಿಫ್ಟಲ್ಲಿ ಬದಲಾಯಿಸ್ಕೊಂಡೆ."

ಅವಳು ನಗಲಿಲ್ಲ. "ಯಾವ ಮಹಡೀಲಿ?"

ಅವನು ಬೂಟಿನ ದಾರ ಬಿಟ್ಟು ತಲೆಯೆತ್ತಿದ. ಸಂಜೆ ಬೇಗ ಬರ್ತೀನಿ, ಡಾಕ್ಟರ ಹತ್ರ ಹೋಗೋಣ ಎಂದ. ಅವಳು ಆಗಲಿ ಎಂದು ತಲೆಯಾಡಿಸಿದಳು. ಅವನು ಬೀದಿಯ ತಿರುವು ದಾಟುವತನಕ ಕಿಟಕಿಯಲ್ಲಿ ನಿಂತು ನೋಡಿದಳು. ಆಮೇಲೆ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಮಗುವನ್ನು ಸುತ್ತಿಕೊಂಡು, ಹೆರಿಗೆಯಾಗಿದ್ದ ಆಸ್ಪತ್ರೆಗೆ ಹೊರಟಳು. "ತೋರಿಸ್ಕೊಂಡು ಬರ್ತೀನಿ ಅತ್ತೆ" ಎಂದಳು. ಆಸ್ಪತ್ರೆಯ ಕಾವಲುಗಾರನಿಗೂ ಅದನ್ನೇ ಹೇಳಿದಳು.

ಮೇಲಿನ ಕೋಣೆಯಲ್ಲಿ ಕಾಮಾಲೆಯಾದ ಕೂಸುಗಳನ್ನು ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಅಂದು ಅಲ್ಲಿ ಒಂದೇ ಮಗು ಇತ್ತು. ಮೈಮೇಲೆ ಲಂಗೋಟಿ ಬಿಟ್ಟರೆ ಏನೂ ಇಲ್ಲ, ಕಣ್ಣಿಗೆ ಬಿಳಿ ಪಟ್ಟಿ. ನೀಲಿ ಬೆಳಕಿನಲ್ಲಿ ಅದು ನೀರಿನಡಿ ಮಲಗಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಅದರ ತಾಯಿ, ಬಟ್ಟೆ ಹೊಲಿಯುವ ದರ್ಜಿ ಹೆಂಗಸು, ತೂಕಡಿಸುತ್ತಿದ್ದಳು.

ಮಗುವನ್ನು ನೋಡಿದ ಕೂಡಲೇ ಬಾಗಿಲಲ್ಲಿ ನಿಂತವಳ ಎದೆಯೊಳಗಿನ ಬಿಗಿ ಸಡಿಲವಾಯಿತು. ಅಲ್ಲಿದ್ದಾಳೆ ನನ್ನ ಮಗಳು.

"ಏನಾದ್ರೂ ತಿಂದ್ರಾ ಅಕ್ಕಾ?" ಎಂದು ದರ್ಜಿಯನ್ನು ಕೇಳಿದಳು. "ಮುಖ ಬಾಡಿಹೋಗಿದೆ. ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ."

ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರದ ದರ್ಜಿ ಕೈಮುಗಿದು ಹೋದಳು. ತಿರುಗಿ ಬಂದಾಗ ದೀಪ ಉರಿಯುತ್ತಿತ್ತು, ಅದರ ಕೆಳಗೆ ಕಣ್ಣುಪಟ್ಟಿ ಕಟ್ಟಿದ ಮಗು ಮಲಗಿತ್ತು. ಆ ಹೆಂಗಸು ಹೊರಟುಹೋಗಿದ್ದಳು. ದರ್ಜಿ ಮಗುವನ್ನು ಎತ್ತಿಕೊಂಡು ಹಾಲು ಕುಡಿಸಿ, ದೀಪದಿಂದ ಬಹಳ ಹೊತ್ತು ಹೊರಗಿಡಬೇಡಿ ಎಂದು ನರ್ಸ್ ಹೇಳಿದ್ದರಿಂದ ಬೇಗನೆ ಮತ್ತೆ ಮಲಗಿಸಿದಳು. ಎಷ್ಟೋ ಹೊತ್ತಿನ ಮೇಲೆ ಒದ್ದೆಯಾದ ಲಂಗೋಟಿ ಬಿಚ್ಚಿದಾಗ ಅವಳು ಇಟ್ಟ ಕೂಗಿಗೆ ಮಹಡಿಯ ಜನವೆಲ್ಲ ಓಡಿಬಂದರು.

ಅವಳು ಹೆತ್ತದ್ದು ಗಂಡುಮಗು.

ಸಂಜೆ ಹೆಂಡತಿಯನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದ ಗಂಡ ದೀಪದ ಕೆಳಗಿದ್ದ ತನ್ನ ಮಗಳನ್ನು ಗುರುತಿಸಿದ. ಪೊಲೀಸರು ಬಸ್ ನಿಲ್ದಾಣ, ನೆಂಟರ ಮನೆ ಎಲ್ಲವನ್ನೂ ಜಾಲಾಡಿದರು. ಸ್ಟುಡಿಯೋ ಯಜಮಾನರು ಬೇರೆ ಊರಿಗೆ ಹೋಗಿದ್ದರಿಂದ ಅಂಗಡಿಯ ಶಟರ್ ಇಳಿದಿತ್ತು, ಯಾರೂ ಆ ಕಡೆ ತಲೆಹಾಕಲಿಲ್ಲ. ಮರುದಿನ ಮಧ್ಯಾಹ್ನ ಗಂಡನಿಗೆ ಹೊಳೆಯಿತು: ಒಂದು ಬೀಗದಕೈ ಇವಳ ಹತ್ತಿರವೂ ಇದೆ.

ಶಟರ್ ಎತ್ತಿದಾಗ ಒಳಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಆಕಾಶ, ಮೋಡ ಬರೆದ ಪರದೆಯ ಮುಂದಿನ ಸ್ಟೂಲಿನಲ್ಲಿ ಅವಳು ನೆಟ್ಟಗೆ ಕೂತಿದ್ದಳು. ತೊಡೆಯ ಮೇಲಿದ್ದ ಮಗು ಅರಿಸಿನದ ಬಣ್ಣಕ್ಕೆ ತಿರುಗಿ, ಕೈಕಾಲು ಚೆಲ್ಲಿ ಮಲಗಿತ್ತು.

"ಶ್" ಎಂದಳು. "ಎಷ್ಟು ಸಮಾಧಾನವಾಗಿದ್ದಾಳೆ ನೋಡಿ. ಅಳಲೇ ಇಲ್ಲ. ತಾಯಿ ಸಿಕ್ಕಿದ್ಲಲ್ಲ."

"ಅದು ಗಂಡುಮಗು ಕಣೇ" ಎಂದ ಗಂಡ.

"ಗೊತ್ತು. ಬಟ್ಟೆ ಬದಲಾಯಿಸುವಾಗ ನೋಡಿದೆ. ಅದನ್ನೂ ಅವರೇ ಬದಲಾಯಿಸಿದಾರೆ."

ಮಗುವಿನ ಜೀವ ಉಳಿಯಿತು. ಅವಳನ್ನು ಕಾವಲಿನೊಂದಿಗೆ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಔಷಧಿ ನಾಟಿತು, ನಿದ್ದೆ ಬಂತು. ಮಂಜು ಕರಗಿದ ಹಾಗೆ ಒಂದೊಂದೇ ನೆನಪು ಸ್ಪಷ್ಟವಾಗುತ್ತ ಹೋಯಿತು. ಮರೆತುಹೋಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಮೊಕದ್ದಮೆ ನಡೆಯುವ ಹೊತ್ತಿಗೆ ಅವಳು ಪೂರ್ತಿ ಎಚ್ಚರದಲ್ಲಿದ್ದು, ತನ್ನ ಬಗ್ಗೆ ಬೇರೆಯವರು ಆಡುವ ಮಾತನ್ನು ಕೇಳಿಸಿಕೊಂಡಳು. ಸರ್ಕಾರಿ ವಕೀಲರು ವಾದಿಸಿದರು: ಕಾವಲುಗಾರನಿಗೆ ಸುಳ್ಳು ಹೇಳಿದಳು, ತಾಯಿಯನ್ನು ಉಪಾಯವಾಗಿ ಹೊರಗೆ ಕಳಿಸಿದಳು, ತನ್ನ ಮಗುವಿಗೆ ಆ ಮಗುವಿನ ಪಟ್ಟಿ ಕಟ್ಟಿದಳು, ಬಾಗಿಲು ಮುಚ್ಚಿ ಅಡಗಿದಳು. ತಪ್ಪೆಂದು ತಿಳಿಯದವರು ಅಡಗುತ್ತಾರೆಯೇ?

"ತಡೀತಾರೆ ಅಂತ ಗೊತ್ತಿತ್ತು, ಅದಕ್ಕೆ ಅಡಗಿದರು" ಎಂದರು ಚಿಕಿತ್ಸೆ ಕೊಟ್ಟ ಮನೋವೈದ್ಯೆ. "ಆದರೆ ಅವರ ಲೆಕ್ಕದಲ್ಲಿ ಕಳ್ಳರು ನಾವು. ಅವರು ತಮ್ಮ ಮಗೂನ ಬಿಡಿಸ್ಕೊಂಡು ಹೋಗ್ತಿದ್ದರು. ಹೆರಿಗೆಯ ನಂತರ ಅಪರೂಪಕ್ಕೆ ಬರುವ ಕಾಯಿಲೆ ಇದು. ಬಂದರೆ ಹೀಗೇ ಬರುತ್ತೆ, ಏಕಾಏಕಿ."

ದರ್ಜಿ ಸಾಕ್ಷಿ ಹೇಳಲು ನಿಂತಳು. ಮಗು ಬದಲಾದದ್ದು ಯಾವಾಗ ತಿಳಿಯಿತು ಎಂದು ಆರೋಪಿಯ ಕಡೆಯ ವಕೀಲ ಕೇಳಿದ.

"ಲಂಗೋಟಿ ಬಿಚ್ಚಿದಾಗ."

"ಅದಕ್ಕೆ ಮುಂಚೆ?"

ದರ್ಜಿ ತಲೆ ತಗ್ಗಿಸಿದಳು. "ಹಾಲು ಕುಡಿಸಿದ್ದೆ. ಚೆನ್ನಾಗಿ ಕುಡೀತು. ನನ್ನ ಬಂಗಾರ ಅಂತ ತಲೆ ಸವರಿದ್ದೆ." ಆಮೇಲೆ ತಟ್ಟನೆ ನ್ಯಾಯಾಧೀಶರ ಕಡೆ ತಿರುಗಿದಳು. "ಅವಳಿಗೆ ಹುಷಾರಿರ್ಲಿಲ್ಲ ಅಂತೀರಿ. ಇರಬಹುದು. ನನ್ನ ಮಗನಿಗೆ ಕಿವಿ ಸರಿಯಾಗಿ ಕೇಳಲ್ಲ. ಒಂದು ರಾತ್ರಿ, ಒಂದು ಹಗಲು ದೀಪ ತಪ್ಪಿ ಕಾಮಾಲೆ ಏರಿತಲ್ಲ, ಅದಕ್ಕೇ ಇರಬಹುದು ಅಂತಾರೆ ಡಾಕ್ಟರು. ಇದನ್ನ ಯಾರ ತಲೆಗೆ ಕಟ್ಟಲಿ, ಹೇಳಿ ಸ್ವಾಮಿ?"

ಕೃತ್ಯ ನಡೆದದ್ದು ನಿಜ, ಆದರೆ ಆಗ ಆರೋಪಿಯ ಬುದ್ಧಿ ಸ್ತಿಮಿತದಲ್ಲಿರಲಿಲ್ಲವಾದ್ದರಿಂದ ಅವಳು ಹೊಣೆಯಲ್ಲ ಎಂದು ತೀರ್ಪಾಯಿತು. ಚಿಕಿತ್ಸೆ ಮುಂದುವರಿಯಬೇಕು, ವೈದ್ಯರು ಸರಿ ಎನ್ನುವತನಕ ಮಗುವಿನ ಜೊತೆ ಅವಳೊಬ್ಬಳನ್ನೇ ಬಿಡಬಾರದು ಎಂದರು. ಹೊರಗೆ ಮೆಟ್ಟಿಲ ಬಳಿ ಅವಳು ದರ್ಜಿಯ ಎದುರು ಹೋಗಿ ನಿಂತಳು. ದರ್ಜಿ ಮಗನನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಮಾತಿಲ್ಲದೆ ದಾಟಿಹೋದಳು.

ಈಗ ಅವಳ ಮಗಳು ನಡೆಯುತ್ತಾಳೆ. ಮೊನ್ನೆ ಒಂದು ಬಿಸಿಲು ಬಿದ್ದ ಮಧ್ಯಾಹ್ನ ಅಡುಗೆಮನೆಯ ನೆಲದಲ್ಲಿ ಪಾತ್ರೆ ಬಡಿಯುತ್ತ ಕೂತಿದ್ದ ಮಗು "ಅಮ್ಮಾ" ಎಂದು ತಿರುಗಿತು. ಅವಳು ಸೌಟು ಹಿಡಿದವಳು ಹಾಗೇ ನಿಂತುಬಿಟ್ಟಳು.

"ಏನಾಯ್ತು?" ಎಂದ ಬಾಗಿಲಲ್ಲಿದ್ದ ಗಂಡ.

"ಏನಿಲ್ಲ. ಇವಳು ನನ್ನ ಮಗಳೇ. ನನಗೆ ಖಾತ್ರಿಯಿದೆ."

"ಮತ್ತೆ?"

"ಆವತ್ತೂ ಇಷ್ಟೇ ಖಾತ್ರಿಯಿತ್ತು ಕಣ್ರೀ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ."

ಅವನು ಒಳಗೆ ಬಂದು ಮಗುವಿನ ಪಕ್ಕ ನೆಲದ ಮೇಲೆ ಕೂತ. ಅವಳು ಒಲೆ ಆರಿಸಿ ಅವನ ಎದುರು ಕೂತಳು. ಮಗು ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿತು. ಬಹಳ ಹೊತ್ತು ನೋಡಿತು.