ಬೀಗ ಹಾಕಿದ ಬಾಣ

ಗೋಡೆಯ ಪರದೆಯ ಮೇಲೆ ಬಾಣ ಎಷ್ಟು ಚೆಂದ ಕಾಣುತ್ತಿದೆ, ಕಪ್ಪಗೆ, ನೆಟ್ಟಗೆ, ತುದಿಯಲ್ಲಿ ‘ಉ’ ಎಂಬ ಅಕ್ಷರ ಹೊತ್ತು — ಗಂಗಾ ತನ್ನದೇ ಕೈಕೆಲಸವನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾಳೆ, ಆದಿನಾರಾಯಣ ಸರ್ ಇಂದಿರಾನಗರದ ಆರ್ಕಿಟೆಕ್ಟ್ ಆಫೀಸನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದಾರೆ, ನೋಡ್ರಪ್ಪಾ, ಇದೇ ನಮ್ಮ ಸ್ಟ್ಯಾಂಡರ್ಡ್ ಟೆಂಪ್ಲೇಟು, ಇನ್ಮೇಲೆ ಯಾವ ಡ್ರಾಯಿಂಗ್ ಶುರು ಮಾಡಿದ್ರೂ ಇದರಿಂದಾನೇ, ಗೆರೆ, ಅಕ್ಷರ, ಕಂಪನಿ ಹೆಸರು, ಉತ್ತರದ ಬಾಣ, ಎಲ್ಲಾ ರೆಡಿ, ಗಂಗಾ ಮಾಡಿದ್ದು — ಎಲ್ಲರೂ ತಿರುಗಿ ನೋಡಿದರು, ಹಿಗ್ಗು ತಡೆಯಲಾಗುತ್ತಿಲ್ಲ, ನೌಕರಿ ಖಾಯಂ ಆಗುತ್ತದೆ, ಸಂಜೆ ಅವ್ವನಿಗೆ ಹೇಳಬೇಕು, ಅಷ್ಟರಲ್ಲಿ ತೊಡೆಯ ಮೇಲಿನ ಫೋನು ನಡುಗಿತು. ಹೊರಮಾವಿನ ಸೈಟಿನ ಸೂಪರ್‌ವೈಸರ್ ಚನ್ನು ಫೋಟೊ ಕಳಿಸಿದ್ದಾನೆ, ಮೇಡಂ ಕಮೋಡ್ ಪೈಪ್ ಇಟ್ಟಾಯ್ತು, ಮಿಕ್ಸರ್ ರೆಡಿ, ಸಾಹೇಬ್ರ ನಮಾಜ್ ಮುಗೀತಿದ್ದಂಗೆ ಬಾತ್‌ರೂಮ್ ನೆಲಕ್ಕೆ ಕಾಂಕ್ರೀಟ್ ಹಾಕ್ಬಿಡ್ತೀವಿ. ಫೋಟೊದಲ್ಲಿ ಮನೆಯ ಯಜಮಾನರು ಇನಾಯತ್ ಉಲ್ಲಾ ಸಾಹೇಬರು, ಇಟ್ಟಿಗೆ ರಾಶಿಯ ಪಕ್ಕ ಚಾಪೆ ಹಾಸಿ ಹಿಂದಿನ ಗೋಡೆಯ ಕಡೆಗೆ ತಿರುಗಿ ನೆಲಕ್ಕೆ ಹಣೆ ಹಚ್ಚಿದ್ದಾರೆ, ಪಾಪ, ಈ ವಯಸ್ಸಿನಲ್ಲಿ ಮೊಣಕಾಲು — ಹಿಂದಿನ ಗೋಡೆಯ ಕಡೆಗೆ? ಡ್ರಾಯಿಂಗಿನಲ್ಲಿ ಹಿಂದಿನ ಗೋಡೆ ಮೇಲಿದೆ, ಬಾಣವೂ ಮೇಲಕ್ಕೇ ಇದೆ, ಅಂದರೆ ಉತ್ತರ, ಉತ್ತರಕ್ಕೆ ತಿರುಗಿ ಯಾರು ನಮಾಜ್ ಮಾಡುತ್ತಾರೆ, ಪಶ್ಚಿಮಕ್ಕಲ್ಲವೇ.

ಅಯ್ಯೋ ಶಿವನೇ. ರಸ್ತೆ ಕೆಳಗೆ ಬರುವಂತೆ ನಕ್ಷೆ ತಿರುಗಿಸುವುದು ಈ ಆಫೀಸಿನ ರೂಢಿ, ತಿರುಗಿಸಿದ ಮೇಲೆ ಬಾಣವನ್ನೂ ತಿರುಗಿಸಬೇಕು, ಆದರೆ ಹುಡುಗರು ಅದನ್ನು ಎಲ್ಲೆಲ್ಲೋ ಎಳೆದು ಹಾಕುತ್ತಾರೆಂದು ಸಿಡುಕಿ ಅವಳೇ ಲಾಕ್ ಮಾಡಿಟ್ಟಳಲ್ಲ, ಯಾರೂ ಅಲುಗಿಸದ ಹಾಗೆ, ಮಹಾ ಜಾಣೆ, ಟೆಂಪ್ಲೇಟು ಸರಿಯಿದೆಯೋ ನೋಡಲು ಮೊದಲು ಬಿಡಿಸಿದ್ದೇ ಸಾಹೇಬರ ಮನೆ, ರಸ್ತೆ ಇರುವುದು ಪೂರ್ವಕ್ಕೆ, ಹಿಂದಿನ ಗೋಡೆ ಪಶ್ಚಿಮ. ಅಂದು ಸಾಹೇಬರು ಮಗಳು ವಾಜಿದಾಳ ಕೈ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದರು, ಬೇಟಿ, ಅಡುಗೆಮನೆ ಸಣ್ಣದಿರ್ಲಿ, ಪರ್ವಾ ನಹೀ, ಒಂದೇ ಮಾತು, ಟಾಯ್ಲೆಟ್‌ನಲ್ಲಿ ಕೂತ್ರೆ ಪಶ್ಚಿಮಕ್ಕೆ, ನಮ್ಮ ಕಿಬ್ಲಾ ಕಡೆಗೆ, ಮುಖಾನೂ ಬೇಡ, ಬೆನ್ನೂ ಬೇಡ, ಶಿವಾಜಿನಗರದ ಬಾಡಿಗೆ ಮನೇಲಿ ಇಷ್ಟು ವರ್ಷ ಓರೆಯಾಗಿ ಕೂತು ಕೂತು ಸೊಂಟ ಹೋಯ್ತು ನಂದು — ವಾಜಿದಾ ನಕ್ಕಿದ್ದಳು, ಗಂಗಾ ಕೂಡ ನಕ್ಕು, ಆಯ್ತು ಸರ್ ಎಂದು, ಬಾಣ ನಂಬಿ, ಉತ್ತರವೆಂದುಕೊಂಡು, ಕಮೋಡಿನ ಬೆನ್ನನ್ನು ಸರಿಯಾಗಿ ಆ ಹಿಂದಿನ ಗೋಡೆಗೇ ಆನಿಸಿದಳು. ಅವ್ವನಿಗೂ ಹೀಗೇ ನಕ್ಕಿದ್ದಳು, ಬೈಯಪ್ಪನಹಳ್ಳಿಯ ಕಿಟಕಿಯಿಲ್ಲದ ಕೋಣೆಗೆ ಬಂದ ಮೊದಲ ದಿನ ಮೂಡಣ ಯಾವ ಕಡಿಗೆ ಐತಿ ಅಂತ ಅವ್ವ ಕೇಳಿದರೆ ವಠಾರದಲ್ಲಿ ಯಾರಿಗೂ ಗೊತ್ತಿಲ್ಲ, ಒಬ್ಬರು ಮೆಟ್ರೊ ಕಡೆ ಎಂದರು, ಇನ್ನೊಬ್ಬರು ಗೇಟಿನ ಕಡೆ, ಕೊನೆಗೆ ಅವ್ವ ಬೆಳಗಿನ ಜಾವ ಮಾಳಿಗೆ ಮೇಲೆ ದೀಪ ಹಿಡಿದು ಸೂರ್ಯನಿಗಾಗಿ ಕಾಯುತ್ತ ನಿಂತಳು, ನಗ್ತಿಯೇನs, ದಿಕ್ಕ ತಿಳೀದ ಮನ್ಯಾಗ ಹ್ಯಾಂಗ ದೀಪ ಇಡ್ಲಿ.

ಸುಮ್ಮನಿದ್ದುಬಿಡಬಹುದು, ಟೈಲ್ಸ್ ಹಾಕಿದ ಮೇಲೆ ಯಾರಿಗೆ ತಿಳಿಯುತ್ತದೆ — ಸಾಹೇಬರಿಗೆ ತಿಳಿಯುತ್ತದೆ, ಹೊಸ ಮನೆಯಲ್ಲಿ ಚಾಪೆ ಹಾಸಿದ ಮೊದಲ ದಿನವೇ ತಿಳಿಯುತ್ತದೆ, ಯಾರಿಗೂ ಹೇಳದೆ ಮತ್ತೆ ಓರೆಯಾಗಿ ಕೂರುತ್ತಾರೆ, ಸಾಯುವವರೆಗೂ. ಹೇಳಿದರೆ ಇಷ್ಟು ಜನರ ಮುಂದೆ ಸರ್ ಮುಖ ಎಲ್ಲಿಡುತ್ತಾರೆ, ಖಾಯಂ ಆಗುವುದಿರಲಿ, ನಾಳೆ ಒಳಗೆ ಬಿಟ್ಟುಕೊಂಡರೆ ಹೆಚ್ಚು — ಹೆಬ್ಬೆರಳು ಚನ್ನುವಿನ ನಂಬರನ್ನು ಯಾವಾಗ ಒತ್ತಿತೋ, ರಿಂಗ್ ಆಗುತ್ತಿದೆ, ಗಂಗಾ, ಎದ್ದು ನಿಂತ್ಕೊಂಡು ಎರಡು ಮಾತು ಹೇಳಮ್ಮಾ ಎನ್ನುತ್ತಿದ್ದಾರೆ ಸರ್, ಎದ್ದಳು, ಚಪ್ಪಾಳೆ, ಕಿವಿಯಲ್ಲಿ ಮಿಕ್ಸರಿನ ಗಡಗಡ, ಮೇಡಂ ಸಾಹೇಬ್ರು ಎದ್ರು, ಹಾಕ್ಬಿಡ್ಲಾ, ಪರದೆಯ ಮೇಲೆ ಬಾಣ, ನಿಲ್ಸು ಚನ್ನು, ಎಂದಳು, ಎಷ್ಟು ಜೋರಾಗಿ ಎಂದಳೆಂದರೆ ಚಪ್ಪಾಳೆ ನಿಂತುಹೋಯಿತು, ಏನಮ್ಮಾ ಏನು ನಿಲ್ಲಿಸೋದು ಎಂದರು ಸರ್, ಬಾಣ ತಪ್ಪು ಸರ್ ಎನ್ನಬೇಕು, ನಾನೇ ಲಾಕ್ ಮಾಡಿದ್ದು ಎನ್ನಬೇಕು, ಎಲ್ಲರೂ ಕಾಯುತ್ತಿದ್ದಾರೆ, ಕಣ್ಣು ಮಾತ್ರ ಅಲ್ಲಿಂದ ಏಳುತ್ತಿಲ್ಲ, ಕಪ್ಪಗೆ, ನೆಟ್ಟಗೆ, ಬಾಣ ಮೇಲಕ್ಕೆ, ಅದು ತೋರಿಸುವ ಕಡೆಗೇ ಮುದುಕರ ಹಣೆ ನೆಲಕ್ಕೆ, ಬಾಣ ಮೇಲಕ್ಕೆ, ಹಣೆ ನೆಲಕ್ಕೆ, ಹಣೆ ನೆಲಕ್ಕೆ —